ನಾಲ್ಕೇ ಗೆರೆಯ ಜೇಡ್ ಜೀರುಂಡೆ

ತೀರ್ಥಹಳ್ಳಿಯ ಓದುಗರೊಬ್ಬರು ಬರೆದಿದ್ದಾರೆ: ‘ಹಿಂದಿನ ಸಂಚಿಕೆಯಲ್ಲಿ ಚೀನಾದಲ್ಲಿ ಜೇಡ್ ಎಂಬ ಬೆಲೆಬಾಳುವ ಕಲ್ಲಿನಲ್ಲಿ ಮಾಡಿದ ಜೀರುಂಡೆಯ ಫೋಟೊ ನೋಡಿದೆ. ಸುಮ್ನೆ ನಾಲ್ಕು ಗೆರೆ ಎಳೆದ ಹಾಗಿದೆ. ಇದರಲ್ಲಿ ಅಂಥ ಕುಸುರಿ ಏನಿದೆ? ಸತ್ತವರ ಬಾಯಲ್ಲಿ ಹುಳು ಇಡುವುದಾದರೂ ಯಾಕೆ?’

ಸಂಪಾದಕರ ಉತ್ತರ:

ಎರಡನೇ ಪ್ರಶ್ನೆ ಮೊದಲು ತೆಗೆದುಕೊಳ್ಳುತ್ತೇನೆ. ಜೀರುಂಡೆಯ ಮರಿ ವರ್ಷಗಟ್ಟಲೆ ಮಣ್ಣೊಳಗೆ ಇರುತ್ತದೆ. ಆಮೇಲೆ ಮೇಲೆ ಬಂದು, ಮರ ಹತ್ತಿ, ಪೊರೆ ಕಳಚಿ ಹಾರುತ್ತದೆ. ಕಾಂಡಕ್ಕೆ ಅಂಟಿಕೊಂಡ ಖಾಲಿ ಪೊರೆಯನ್ನು ಮಲೆನಾಡಿನವರಾದ ನೀವು ನೋಡಿಯೇ ಇರುತ್ತೀರಿ, ಅಲ್ವಾ? ಹಾನ್ ರಾಜವಂಶದ ಕಾಲದಲ್ಲಿ (ಕ್ರಿ.ಪೂ. 206ರಿಂದ ಕ್ರಿ.ಶ. 220) ಚೀನೀಯರು ಅದರಲ್ಲಿ ಮರುಹುಟ್ಟು ಕಂಡರು. ಜೇಡ್ ಇದ್ದರೆ ದೇಹ ಕೆಡುವುದಿಲ್ಲ ಎಂಬ ನಂಬಿಕೆಯೂ ಇತ್ತು. ಹಾಗಾಗಿ ನಾಲಿಗೆಯ ಮೇಲೆ ಜೇಡ್ ಜೀರುಂಡೆ, ಕೈಗಳಲ್ಲಿ ಜೇಡ್ ಹಂದಿ.

ಇನ್ನು ಗೆರೆಯ ಮಾತು. ಜೇಡ್ ಕಲ್ಲಿಗೆ ಉಳಿ ನಾಟುವುದಿಲ್ಲ. ಅದರೊಳಗಿನ ಸಣ್ಣ ಸಣ್ಣ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಗಟ್ಟಿ ಮರಳಿನ ಪುಡಿಯನ್ನು ನೀರಲ್ಲಿ ಕಲಸಿ, ತಿರುಗುವ ಚಕ್ರದ ಅಂಚಿಗೆ ಹಾಕುತ್ತಾ ಸವೆಸಬೇಕು. ಕೊರೆಯುವುದು ಮರಳು, ಚಕ್ರ ಅದನ್ನು ಓಡಿಸುತ್ತದೆ ಅಷ್ಟೇ. ಒಂದು ಗೆರೆಗೆ ಗಂಟೆಗಟ್ಟಲೆ ಕೆಲಸ. ತಪ್ಪಿದರೆ ಅಳಿಸುವ ಹಾಗಿಲ್ಲ.

ದಯವಿಟ್ಟು ಫೋಟೊ ಇನ್ನೊಮ್ಮೆ ನೋಡಿ. ತಲೆಯ ಎರಡು ಮೂಲೆಯಲ್ಲಿ ಕಣ್ಣು ಉಬ್ಬಿವೆ. ರೆಕ್ಕೆಯನ್ನು ಬೆನ್ನಿನಿಂದ ಬೇರೆ ಮಾಡುವ ಗೆರೆಯ ಒಂದು ಬದಿ ಕಡಿದಾಗಿದೆ, ಇನ್ನೊಂದು ಬದಿ ಓರೆಯಾಗಿ ಇಳಿದಿದೆ. ಬೆಳಕು ಬಿದ್ದಾಗ ರೆಕ್ಕೆ ಮೇಲೆದ್ದಂತೆ ಕಾಣುವುದು ಆ ಓರೆಯಿಂದಲೇ. ಇಷ್ಟೇ ಗೆರೆಯಲ್ಲಿ ಜೀವ ತುಂಬಿದ ಆ ಕೈಗೆ ನಾನು ಮನಸಾರೆ ತಲೆಬಾಗುತ್ತೇನೆ.

ಕುಸುರಿ ಚೀನೀ ಕೆತ್ತನೆಗಾರರಿಗೆ ಬಾರದ್ದೇನಲ್ಲ. 1976ರಲ್ಲಿ ಚೀನಾದ ಅನ್ಯಾಂಗ್‌ನಲ್ಲಿ ಶಾಂಗ್ ರಾಜವಂಶದ ರಾಣಿ ಫು ಹಾವ್ ಸಮಾಧಿ ಅಗೆದಾಗ 755 ಜೇಡ್ ವಸ್ತುಗಳು ಸಿಕ್ಕವು. ಆನೆ, ಹುಲಿ, ಗಿಳಿ, ಮೈತುಂಬ ಚಿತ್ತಾರ. ಇವು ಹಾನ್ ಕಾಲಕ್ಕಿಂತ ಸಾವಿರ ವರ್ಷ ಹಳೆಯವು. ಆದರೆ ನನಗೆ ಜಾಸ್ತಿ ಇಷ್ಟ ಅದೇ ಊರಲ್ಲಿ 1975ರಲ್ಲಿ ಸಿಕ್ಕ ಪುಟ್ಟ ಆಮೆ. ಕಲ್ಲಿನಲ್ಲಿದ್ದ ಕಪ್ಪು ಭಾಗ ಅದರ ಬೆನ್ನಾಯಿತು, ಬಿಳಿ ಭಾಗ ಹೊಟ್ಟೆಯಾಯಿತು. ಬಣ್ಣ ಹಚ್ಚಿದ್ದಲ್ಲ, ಕಲ್ಲಿನಲ್ಲೇ ಇದ್ದದ್ದು.

ಮುಂದಿನ ಕಾಲದ ಅಂಗೈ ಅಗಲದ ಜೇಡ್ ನಾಯಿ, ಕುದುರೆ, ಎಮ್ಮೆಗಳು ಕಾಲು ಮಡಚಿ, ಕತ್ತು ಹಿಂದಕ್ಕೆ ತಿರುಗಿಸಿ ಮಲಗಿರುವುದಕ್ಕೂ ಕಲ್ಲೇ ಕಾರಣ. ಚೀನಾದ ಪಶ್ಚಿಮದ ಖೋತಾನದ ನದಿಗಳಿಂದ ಬಂದ ಗುಂಡುಗಲ್ಲು ತುಂಬ ದುಬಾರಿ. ಚೂರೂ ದಂಡವಾಗಬಾರದು, ಚಾಚಿದ ಕಾಲು ಮುರಿಯಲೂಬಾರದು.

ಆಮೆಯ ಫೋಟೊವನ್ನು ಮುಂದಿನ ಸಂಚಿಕೆಯಲ್ಲಿ ದೊಡ್ಡದಾಗಿ ಹಾಕುತ್ತೇವೆ.