ಮಂಡ್ಯದ ಕ್ಲಬ್ ಆಲ್‌ರೌಂಡರ್ ಒಬ್ಬ ಮುಂದೆ ಬರಲು ದಾರಿ ಇದೆಯಾ?

ಖಂಡಿತ ಇದೆ. ಆದರೆ ಟೆನಿಸ್ ಬಾಲ್ ಟೂರ್ನಿಯಲ್ಲಿ ಎಷ್ಟೇ ಸಿಕ್ಸರ್ ಹೊಡೆದರೂ ಸೆಲೆಕ್ಟರ್‌ಗಳು ಲೆಕ್ಕಕ್ಕೆ ಹಿಡಿಯುವುದು ಲೆದರ್ ಬಾಲ್ ಆಟವನ್ನೇ. ಕೆಎಸ್‌ಸಿಎ (ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ) ಮೈಸೂರು ವಲಯದ ಲೀಗ್ ಆಡುವ ಕ್ಲಬ್ ಸೇರಲಿ. ಅಲ್ಲಿಂದ ವಲಯ ತಂಡ, ಆಮೇಲೆ ರಾಜ್ಯದ ಟಿ20 ಟೂರ್ನಿ ಮಹಾರಾಜ ಟ್ರೋಫಿ.

ಮೈಸೂರಿನ ಜೆ. ಸುಚಿತ್ ಅವರನ್ನೇ ನೋಡಿ. ಎಡಗೈ ಸ್ಪಿನ್ನು, ಕೆಳಗಿನ ಕ್ರಮಾಂಕದಲ್ಲಿ ಬ್ಯಾಟಿಂಗು. 2015ರಲ್ಲೇ ಮುಂಬೈ ಇಂಡಿಯನ್ಸ್ ಪರ ಐಪಿಎಲ್ ಆಡಿದರು. ಕರ್ನಾಟಕಕ್ಕೂ ಆಡಿದ್ದಾರೆ.

ನನಗೆ ಜಾಸ್ತಿ ಮುಖ್ಯ ಅನ್ನಿಸುವುದು ಪಿಚ್. ಮ್ಯಾಟ್ (ಚಾಪೆ ಹಾಸಿದ ಪಿಚ್) ಮೇಲೆ ಬಾಲ್ ಚೆನ್ನಾಗಿ ಪುಟಿಯುತ್ತದೆ, ಸ್ವಲ್ಪ ಶಾರ್ಟ್ ಬಿದ್ದರೂ ವಿಕೆಟ್ ಸಿಗುತ್ತದೆ. ಟರ್ಫ್‌ನಲ್ಲಿ (ಮಣ್ಣು-ಹುಲ್ಲಿನ ಪಿಚ್) ಅದೇ ಬಾಲ್ ಸೊಂಟದೆತ್ತರಕ್ಕೆ ಬಂದು ಸೀದಾ ಬೌಂಡರಿಗೆ ಹೋಗುತ್ತದೆ. ಹಾಗಾಗಿ ಟರ್ಫ್ ನೆಟ್ಸ್ ಇರುವ ಕಡೆ ಅಭ್ಯಾಸ ಮಾಡಲಿ. ಬ್ಯಾಟಿಂಗ್, ಬೌಲಿಂಗ್ ಎರಡರಲ್ಲಿ ಒಂದರ ಬಲದಿಂದಲೇ ತಂಡಕ್ಕೆ ಬರುವಷ್ಟು ಗಟ್ಟಿಯಾಗಲಿ.