ಫೋಟೋ ನೋಡಿ ಒಪ್ಪಬೇಡಿ, ಮಳೆಯಲ್ಲಿ ಹೋಗಿ ನೋಡಿ

ಪ್ರಶ್ನೆ: ಬಿಣಗಾದಲ್ಲಿ ಸಮುದ್ರ ಕಾಣುವ ಜಾಗದಲ್ಲಿ ಮನೆ ಕಟ್ಟಬೇಕು. ಬೆಂಗಳೂರಿನ ಹೊಸ ಡಿಸೈನ್ ಸ್ಟುಡಿಯೋ ಒಂದರ ಕೆಲಸ ಇಷ್ಟವಾಗಿದೆ. ಬಿಳಿ ಗೋಡೆ, ಸಪಾಟು ತಾರಸಿ, ಪಶ್ಚಿಮಕ್ಕೆ ದೊಡ್ಡ ಗಾಜು. ಅದನ್ನು ಶುರು ಮಾಡಿದವರ ಜೊತೆ ಮಾತಾಡಿದೆ, ಒಳ್ಳೆಯವರು. ಆದರೆ ಅಪ್ಪ "ಹಂಚಿನ ಮಾಡು ಇಲ್ಲದ ಮನೆ ಬೇಡ" ಅನ್ನುತ್ತಾರೆ. ಏನು ಮಾಡಲಿ?
– ಓದುಗರು, ಕಾರವಾರ

ಉತ್ತರ: ಅಪ್ಪನ ಮಾತನ್ನು ಹಳೇ ಕಾಲದವರ ಹಟ ಅಂದುಕೊಳ್ಳಬೇಡಿ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ಅದೂ ಬಹುಪಾಲು ನಾಲ್ಕೇ ತಿಂಗಳಲ್ಲಿ, ಸಮುದ್ರದ ಕಡೆಯಿಂದ ಗಾಳಿ ಜೊತೆ ಓರೆಯಾಗಿ ಬಡಿಯುತ್ತದೆ. ನಮ್ಮ ಹಿರಿಯರು ಪಶ್ಚಿಮದ ಜಗಲಿಗೆ ಮಡಲಿನ ತಟ್ಟಿ ಕಟ್ಟುತ್ತಿದ್ದದ್ದು ಇದಕ್ಕೇ ಅಲ್ವಾ?

ನನ್ನ ಒಂದು ತಪ್ಪು ಹೇಳುತ್ತೇನೆ. ವೃತ್ತಿಯ ಆರಂಭದಲ್ಲಿ ಕುಮಟಾದ ಒಂದು ಮನೆಗೆ ಸೂರನ್ನು ಒಂದೇ ಅಡಿ ಇಟ್ಟೆ. ಮುಂದಿನ ಗೋಡೆ ಚೆಂದ ಕಾಣಲಿ ಅಂತ. ಎರಡನೇ ಮಳೆಗಾಲಕ್ಕೆ ಗೋಡೆಯ ಒಳಗೆಲ್ಲ ಒದ್ದೆ ಕಲೆ. ಆ ಮನೆಯ ಅಜ್ಜಿ ಆ ಕೋಣೆಯಲ್ಲಿ ಮಲಗುವುದನ್ನೇ ಬಿಟ್ಟರು. ಆಮೇಲೆ ನಾನು ಮೂರು ಅಡಿಗಿಂತ ಕಡಿಮೆ ಸೂರು ಬರೆದಿಲ್ಲ.

ಹಾಗಂತ ಹೊಸದು ಬೇಡ ಅನ್ನುತ್ತಿಲ್ಲ. ಮಂಗಳೂರು ಹಂಚೂ ಒಂದು ಕಾಲಕ್ಕೆ ಹೊಸದೇ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಅದಕ್ಕೆ ಮೊದಲು ನಮ್ಮ ಕಡೆ ಸೋಗೆ ಮನೆ, ಹುಲ್ಲಿನ ಮನೆಗಳೇ ಜಾಸ್ತಿ. ಹಂಚು ಈ ಮಳೆಯನ್ನು ಗೆದ್ದಿತು, ಉಳಿಯಿತು. ನಿಮ್ಮ ಸ್ಟುಡಿಯೋದ ಗಾಜಿಗೂ ಅದೇ ಪರೀಕ್ಷೆ ಇಡಿ.

ಅವರನ್ನು ಒಂದೇ ಮಾತು ಕೇಳಿ: "ಕರಾವಳಿಯಲ್ಲಿ ನೀವು ಕಟ್ಟಿ ಮೂರು ಮಳೆಗಾಲ ಕಳೆದ ಮನೆ ತೋರಿಸಿ." ಜುಲೈನಲ್ಲಿ ಹೋಗಿ. ಪಶ್ಚಿಮದ ಗೋಡೆಗೆ ಒಳಗಿನಿಂದ ಕೈ ಇಡಿ. ಕಿಟಕಿಯ ಕೆಳಗೆ ನೋಡಿ. ಮನೆಯವರ ಜೊತೆ ಕೂತು ಚಹಾ ಕುಡಿಯಿರಿ, ನಿಜ ತಾನಾಗಿ ಹೊರಗೆ ಬರುತ್ತದೆ. ಅಂಥ ಮನೆ ಇನ್ನೂ ಕಟ್ಟಿಲ್ಲ ಅಂದರೆ, ಉದ್ದ ಸೂರು, ಇಳಿಜಾರು ಮಾಡು ಸೇರಿಸಿ ನಕ್ಷೆ ಬದಲಿಸಲು ಒಪ್ಪುತ್ತಾರಾ ನೋಡಿ. ಒಳ್ಳೆಯ ವಿನ್ಯಾಸಕಾರರಿಗೆ ಇದರಿಂದ ಬೇಜಾರಾಗುವುದಿಲ್ಲ.

ಉಪ್ಪುಗಾಳಿಯ ವಿಷಯ ಮರೆಯಬೇಡಿ. ಕಬ್ಬಿಣದ ಸರಳಿನ ಮೇಲೆ ಕಾಂಕ್ರೀಟ್ ತೆಳುವಾದರೆ ಉಪ್ಪು ಒಳಗೆ ಇಳಿದು ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಸ್ಲ್ಯಾಬ್ ಸಿಡಿಯುತ್ತದೆ. ಸಮುದ್ರದ ಗಾಳಿಗೆ ತೆರೆದ ಕಾಂಕ್ರೀಟಿಗೆ ಐ.ಎಸ್. 456 (ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ) ಹೇಳುವುದು 45 ಮಿಲಿಮೀಟರ್ ಕವರ್, ಅಂದರೆ ಸರಳಿನ ಮೇಲೆ ಅಷ್ಟು ದಪ್ಪ ಕಾಂಕ್ರೀಟ್, ಮತ್ತು ಎಂ30 ಎಂಬ ಗಟ್ಟಿ ದರ್ಜೆಯ ಕಾಂಕ್ರೀಟ್. ನಕ್ಷೆಯಲ್ಲಿ ಇದನ್ನು ಬರೆಸಿಕೊಳ್ಳಿ.

ಇನ್ನೆರಡು ಸಣ್ಣ ವಿಷಯ. 1972ರ ಕಾಯ್ದೆ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಆದವರು ಮಾತ್ರ ಆರ್ಕಿಟೆಕ್ಟ್ ಅಂತ ಹೇಳಿಕೊಳ್ಳಬಹುದು. ನೋಂದಣಿ ಸಂಖ್ಯೆ ಕೇಳಿ. ಜಾಗ ಉಬ್ಬರದ ಗೆರೆಯಿಂದ 500 ಮೀಟರ್ ಒಳಗಿದ್ದರೆ ಮುಂಗಡ ಕೊಡುವ ಮೊದಲೇ ಸಿ.ಆರ್.ಝಡ್. (ಕರಾವಳಿ ನಿಯಂತ್ರಣ ವಲಯ) ನಿಯಮ ವಿಚಾರಿಸಿ.

ಪ್ರಶ್ನೆ: ವಾರ್ಡ್‌ರೋಬ್ ಹಿಂದೆ ಪ್ರತಿ ಮಳೆಗಾಲ ಬೂಸರು. ಬೇರೆ ಪ್ಲೈವುಡ್ ಹಾಕಿಸಲಾ?
– ಓದುಗರು, ಶಿರಸಿ

ಉತ್ತರ: ಸುಮ್ನೆ ದುಡ್ಡು ಹಾಕಬೇಡಿ. ಐ.ಎಸ್. 710 ಮಾನದಂಡದ ಮೆರೀನ್ ಪ್ಲೈ (ನೀರು ತಡೆಯುವ ಪ್ಲೈವುಡ್) ನೀರಿಗೆ ಬಿಚ್ಚಿಕೊಳ್ಳುವುದಿಲ್ಲ, ನಿಜ. ಆದರೆ ಗೋಡೆಯೇ ಒದ್ದೆಯಿದ್ದರೆ ಅದರ ಮೇಲೂ ಬೂಸರು ಬರುತ್ತದೆ. ಮೊದಲು ಹೊರಗಡೆ ಬಿರುಕು, ಸೋರಿಕೆ ನೋಡಿಸಿ. ಆಮೇಲೆ ವಾರ್ಡ್‌ರೋಬನ್ನು ಒಳಗೋಡೆಗೆ ಸರಿಸಿ, ಹಿಂದೆ ಎರಡು ಬೆರಳು ಗಾಳಿಯಾಡಲು ಬಿಡಿ.