ಪಂಪ್ ಹಾಕಿಸಿದ ಮೇಲೂ ಸಕ್ಕರೆ ಹತೋಟಿಗೆ ಬರುತ್ತಿಲ್ಲವೇಕೆ?

ಪ್ರಶ್ನೆ: ಹದಿನೇಳು ವರ್ಷದ ನನ್ನ ಮಗಳಿಗೆ ಚಿಕ್ಕಂದಿನಿಂದಲೂ ಟೈಪ್ 1 ಮಧುಮೇಹವಿದೆ. ಈ ವರ್ಷ ಸಾಲ ಮಾಡಿ ಇನ್ಸುಲಿನ್ ಪಂಪ್ ಹಾಕಿಸಿದೆವು. ಕಂಪನಿಯವರು ಒಂದು ಮಧ್ಯಾಹ್ನ ಬಂದು ಗುಂಡಿ ಒತ್ತುವುದನ್ನು ಕಲಿಸಿಹೋದರು. ಸಕ್ಕರೆ ಒಮ್ಮೆ 300 ದಾಟುತ್ತದೆ, ಒಮ್ಮೆ 60ಕ್ಕೆ ಇಳಿಯುತ್ತದೆ. ಪಂಪ್ ಕೆಟ್ಟಿರಬಹುದೇ?
– ಓದುಗರು, ಸಕಲೇಶಪುರ ತಾಲ್ಲೂಕು

ಉತ್ತರ: ಪಂಪನ್ನು ಒಮ್ಮೆ ಪರೀಕ್ಷೆ ಮಾಡಿಸಿ, ಆದರೆ ನೀವು ಬರೆದಿರುವುದನ್ನು ನೋಡಿದರೆ, ನಿಮ್ಮ ಮಗಳಿಗೆ ಸಿಗಬೇಕಾಗಿದ್ದ, ಮಧುಮೇಹ ನಿಭಾಯಿಸುವುದರ ಕ್ರಮಬದ್ಧ ಶಿಕ್ಷಣ ಸಿಕ್ಕಿಲ್ಲವೆಂದೇ ನನಗೆ ಅನ್ನಿಸುತ್ತದೆ. ಪಂಪ್ ಎಂಬುದು ಚರ್ಮದಡಿಯ ಸಣ್ಣ ಕೊಳವೆಯ ಮೂಲಕ ಇನ್ಸುಲಿನ್ ಹರಿಸುವ ಯಂತ್ರ; ಊಟಕ್ಕೆ ಎಷ್ಟು ಇನ್ಸುಲಿನ್ ಬೇಕೆಂಬುದನ್ನು ಅದಕ್ಕೆ ತಿಳಿಸಬೇಕಾದವರು ನಾವೇ. ಬ್ರಿಟನ್ನಿನಲ್ಲಿ ವಯಸ್ಕರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ‘ರಿಪೋಸ್’ ಅಧ್ಯಯನದಲ್ಲಿ, ಪಂಪ್ ಬಳಸುವವರಿಗೂ ದಿನಕ್ಕೆ ಹಲವು ಬಾರಿ ಇಂಜೆಕ್ಷನ್ ತೆಗೆದುಕೊಳ್ಳುವವರಿಗೂ ಒಂದೇ ಬಗೆಯ ಶಿಕ್ಷಣ ನೀಡಲಾಯಿತು. ಎರಡು ವರ್ಷಗಳ ನಂತರ ಎರಡೂ ಗುಂಪಿನವರ ಸಕ್ಕರೆಯ ಹತೋಟಿ ಸುಧಾರಿಸಿತ್ತು. ಸಕ್ಕರೆಯ ಮಟ್ಟದಲ್ಲಿ ಪಂಪ್‌ನಿಂದ ದೊರೆತ ಹೆಚ್ಚಿನ ಲಾಭ ಅಷ್ಟೇನೂ ದೊಡ್ಡದಾಗಿರಲಿಲ್ಲ.

ಮೊದಲು ಕಲಿಯಬೇಕಾದದ್ದು ಊಟದಲ್ಲಿರುವ, ದೇಹದಲ್ಲಿ ಸಕ್ಕರೆಯಾಗಿ ಬದಲಾಗುವ ಕಾರ್ಬೋಹೈಡ್ರೇಟ್‌ನ ಲೆಕ್ಕ. ಅಕ್ಕಿ ರೊಟ್ಟಿಯನ್ನೇ ನೋಡಿ. ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡಿದರೆ ಅದರಲ್ಲಿ ಸುಮಾರು 40 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ನಿಮ್ಮ ಮಗಳಿಗೆ 10 ಗ್ರಾಂ ಕಾರ್ಬೋಹೈಡ್ರೇಟ್‌ಗೆ 1 ಯೂನಿಟ್ ಇನ್ಸುಲಿನ್ ಎಂದು ವೈದ್ಯರು ನಿಗದಿಮಾಡಿದ್ದರೆ, ಆ ರೊಟ್ಟಿಗೆ 4 ಯೂನಿಟ್ ಬೇಕು. ದಪ್ಪನಾಗಿ ತಟ್ಟಿ 75 ಗ್ರಾಂ ಹಿಟ್ಟು ಹಾಕಿದರೆ 6 ಯೂನಿಟ್. ರೊಟ್ಟಿಯ ಎಣಿಕೆ ಒಂದೇ ಇದ್ದರೂ ಸಕ್ಕರೆ ಬೇರೆಯಾಗುವುದು ಹೀಗೆ. ಆದ್ದರಿಂದ ಕೆಲವು ವಾರ ಅಡುಗೆಮನೆಯಲ್ಲಿ ಚಿಕ್ಕ ತೂಕದ ಯಂತ್ರವಿಟ್ಟುಕೊಂಡು ಕಡುಬು, ಅನ್ನ, ಮುದ್ದೆಗಳನ್ನು ತೂಗಿ ಬರೆದಿಡಿ. ಕ್ರಮೇಣ ಕಣ್ಣಳತೆಯಲ್ಲೇ ಗೊತ್ತಾಗುತ್ತದೆ. ಊಟಕ್ಕೆ ಸುಮಾರು 15 ನಿಮಿಷ ಮೊದಲೇ ಇನ್ಸುಲಿನ್ ಕೊಡುವುದು ಸಾಮಾನ್ಯವಾಗಿ ಒಳ್ಳೆಯದು. ಆದರೆ ಸಕ್ಕರೆ 70ಕ್ಕಿಂತ ಕಡಿಮೆ ಇದ್ದರೆ ಮೊದಲು 15 ಗ್ರಾಂ ಗ್ಲೂಕೋಸ್ ಕೊಟ್ಟು, 15 ನಿಮಿಷದ ಬಳಿಕ ಮತ್ತೆ ನೋಡಬೇಕು. ತೋಟದ ಏರಿನಲ್ಲಿ ನಡೆಯುವ ದಿನ ಪ್ರಮಾಣವನ್ನು ಎಷ್ಟು ತಗ್ಗಿಸಬೇಕೆಂಬುದನ್ನೂ ವೈದ್ಯರಿಂದ ಕೇಳಿ ತಿಳಿಯಿರಿ.

ನನ್ನನ್ನು ಹೆಚ್ಚು ಚಿಂತೆಗೀಡುಮಾಡುವ ವಿಷಯ ಬೇರೊಂದಿದೆ. ಪಂಪ್‌ನಲ್ಲಿರುವುದು ಬೇಗ ಕೆಲಸ ಮಾಡಿ ಬೇಗ ಮುಗಿಯುವ ಇನ್ಸುಲಿನ್ ಮಾತ್ರ. ಚರ್ಮದಡಿಯ ಸಣ್ಣ ಕೊಳವೆ ಮಡಚಿಕೊಂಡರೆ ಅಥವಾ ಕಳಚಿಕೊಂಡರೆ, ಕೆಲವೇ ಗಂಟೆಗಳಲ್ಲಿ ದೇಹದಲ್ಲಿ ಕೀಟೋನ್ (ಇನ್ಸುಲಿನ್ ಸಾಲದೆ ದೇಹ ಕೊಬ್ಬನ್ನು ಕರಗಿಸಿದಾಗ ಉಂಟಾಗುವ ಆಮ್ಲೀಯ ವಸ್ತು) ಹೆಚ್ಚಿ ಜೀವಕ್ಕೇ ಅಪಾಯವಾಗಬಹುದು. ಸಕ್ಕರೆ 250 ದಾಟಿದರೆ ಕೀಟೋನ್ ಪರೀಕ್ಷಿಸಿ. ಪಂಪ್‌ನಿಂದ ಕೊಟ್ಟ ಇನ್ಸುಲಿನ್‌ಗೆ ಒಂದೆರಡು ಗಂಟೆಯಲ್ಲಿ ಸಕ್ಕರೆ ಇಳಿಯದಿದ್ದರೆ, ಅಥವಾ ಕೀಟೋನ್ ಕಂಡುಬಂದರೆ, ಇನ್ಸುಲಿನ್ ಪೆನ್‌ನಿಂದ ಇಂಜೆಕ್ಷನ್ ಕೊಟ್ಟು ಕೊಳವೆ ಬದಲಿಸಿ. ವಾಂತಿಯಾಗುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಹೊರಡಿ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಕಟ್ಟುವ ನಿಮ್ಮ ಕಡೆ, ಪೆನ್, ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್, ಕೀಟೋನ್ ಪರೀಕ್ಷಿಸುವ ಪಟ್ಟಿ (ಸ್ಟ್ರಿಪ್) ಮತ್ತು ಹೆಚ್ಚುವರಿ ಕೊಳವೆಗಳು ಮನೆಯಲ್ಲಿರಲೇಬೇಕು.

ಎರಡು ವಾರದ ಊಟ, ಸಕ್ಕರೆ ಮತ್ತು ಇನ್ಸುಲಿನ್ ವಿವರಗಳನ್ನು ಬರೆದುಕೊಂಡು ಮಗಳೊಂದಿಗೆ ನಿಮ್ಮ ವೈದ್ಯರನ್ನು ಕಾಣಿ. ಹಂತಹಂತವಾಗಿ ಕಲಿಸುವ ಮಧುಮೇಹ ಶಿಕ್ಷಕರು ಮತ್ತು ಆಹಾರತಜ್ಞರು ಹಾಸನದಲ್ಲಿ ಸಿಗುವರೇ ಎಂದು ಅವರನ್ನೇ ಕೇಳಿ. ಸಿಗದಿದ್ದರೆ ಮೈಸೂರು ಅಥವಾ ಬೆಂಗಳೂರಿನ ತಜ್ಞರಿಗೆ ಪತ್ರ ಬರೆದುಕೊಡಲು ವಿನಂತಿಸಿ. ಪಾಠಕ್ಕೆ ನೀವೂ ಜೊತೆಯಲ್ಲಿ ಕುಳಿತುಕೊಳ್ಳಿ.